ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ ಅಂದ್ರೆ ಫಾಲ್ಟ್ ಇಲ್ಲ ಅಂತಲ್ಲ

ಡೀಸೆಲ್ ಪಿಕಪ್ ಓಡಿಸುವವರಲ್ಲಿ ಬಹಳ ಜನರಿಗೆ ಈ ಕಂಪ್ಲೇಂಟ್ ಗೊತ್ತು. ಖಾಲಿ ಗಾಡಿ, ಸಮತಟ್ಟಾದ ರಸ್ತೆ, ಗಂಟೆಗೆ 40-50 ಕಿ.ಮೀ. ವೇಗ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದೆ, ಅಲುಗಾಡ್ತಿಲ್ಲ. ಆದರೂ ಇಂಜಿನ್ ತಾನಾಗಿಯೇ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಲೋಡ್ ಹಾಕಿ ಘಾಟಿ ಹತ್ತಿಸಿದ್ರೆ ಏನೂ ತೊಂದರೆ ಇಲ್ಲ. ಇದಕ್ಕೇ ಸರ್ಜಿಂಗ್ ಅನ್ನೋದು.

ಗ್ಯಾರೇಜಿಗೆ ಹೋದ್ರೆ ಸ್ಕ್ಯಾನರ್ ಹಾಕ್ತಾರೆ, ಕೋಡ್ ಬರಲ್ಲ. ಆಮೇಲೆ ಶುರು "ಚೇಂಜ್ ಮಾಡಿ ನೋಡೋಣ" ಕಾರ್ಯಕ್ರಮ: ಮೊದಲು ಸೆನ್ಸರ್, ಆಮೇಲೆ ಇಂಜೆಕ್ಟರ್, ಕೊನೆಗೆ ಪಂಪ್. ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ಒಂದೇ ಗಾಡಿಯ ಮಾಲೀಕನಿಗೆ ಇದು ಹತ್ತಾರು ಸಾವಿರದ ಬಿಲ್ಲು. ಗಾಡಿ ನಿಂತ ದಿನ ಬಾಡಿಗೆಯೂ ಇಲ್ಲ, ಆದರೆ ಇಎಂಐ ಮಾತ್ರ ನಿಲ್ಲಲ್ಲ.

ಇದಕ್ಕೆ ಮೆಕ್ಯಾನಿಕ್‌ಗಳನ್ನು ಬೈಯೋದು ಸುಲಭ. ಆದರೆ ನನ್ನ ತಕರಾರು ಇರೋದು ನಮ್ಮ ಕಲಿಕೆಯ ಮೇಲೆ. ಈ ಫಾಲ್ಟ್ ಅರ್ಥ ಮಾಡ್ಕೊಳ್ಳೋಕೆ ಬೇಕಾದ ಎಲ್ಲಾ ಥಿಯರಿ ನಮ್ಮ ಸಿಲಬಸ್ಸಿನಲ್ಲೇ ಇದೆ. ಆದರೂ ಗಾಡಿ ಮುಂದೆ ನಿಲ್ಲಿಸಿದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಎಲ್ಲಿಂದ ಶುರು ಮಾಡ್ಬೇಕು ಅಂತಲೇ ಗೊತ್ತಾಗಲ್ಲ.

ಗವರ್ನರ್ ಚಾಪ್ಟರಿನಲ್ಲಿ "ಹಂಟಿಂಗ್ ಎಂದರೇನು?" ಅನ್ನೋ ಪ್ರಶ್ನೆಗೆ ಎಲ್ಲರೂ ಉತ್ತರ ಬರೆದಿದ್ದೇವೆ. ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಸ್ಥಿರತೆಯ ಬಗ್ಗೆ ಬರೆದ ಪ್ರಬಂಧ ಕಂಟ್ರೋಲ್ ಥಿಯರಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ ತಯಾರಾಗ್ತಿದ್ದ ಹಳೇ ಇನ್‌ಲೈನ್ ಪಂಪುಗಳಿಗೆ ತೂಕದ ಗುಂಡುಗಳ ಗವರ್ನರ್ ಇರ್ತಿತ್ತು. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಆ ಕೆಲಸ ಇಸಿಯು ಮಾಡುತ್ತೆ. ಭಾಗಗಳು ಬದಲಾದವು, ರೋಗ ಅದೇ.

ಹಾಗಾದ್ರೆ ಕಡಿಮೆ ಆಕ್ಸಿಲರೇಟರ್‌ನಲ್ಲಿ ಮಾತ್ರ ಯಾಕೆ? ಡಯಾಗ್ನೋಸಿಸ್ ಇಲ್ಲಿಂದಲೇ ಶುರುವಾಗಬೇಕು. ಒಂದು ಸ್ಟ್ರೋಕಿಗೆ 50 ಘನ ಮಿ.ಮೀ. ಡೀಸೆಲ್ ಹೋಗುವಾಗ 2 ಘನ ಮಿ.ಮೀ. ವ್ಯತ್ಯಾಸವಾದ್ರೆ ಅದು ಶೇ. 4, ಡ್ರೈವರ್‌ಗೆ ಗೊತ್ತೂ ಆಗಲ್ಲ. ಹಗುರ ಲೋಡಿನಲ್ಲಿ 10 ಘನ ಮಿ.ಮೀ. ಹೋಗುವಾಗ ಅದೇ 2 ಅಂದ್ರೆ ಶೇ. 20. ಎರಡನೆಯದು, ಪಂಪಿಗೆ ಡೀಸೆಲ್ ಅಳೆದು ಬಿಡುವ ಮೀಟರಿಂಗ್ ವಾಲ್ವ್ ಆಗ ಬಹಳ ಚಿಕ್ಕ ಸಂದಿಯಲ್ಲಿ ಕೆಲಸ ಮಾಡ್ತಿರುತ್ತೆ. ಅದು ಕೊಳೆ ಹಿಡಿದು ಅಂಟಿಕೊಂಡ್ರೆ ಇಸಿಯು ಕರೆಂಟ್ ಬದಲಿಸ್ತಾ ಹೋಗುತ್ತೆ, ವಾಲ್ವ್ ಕದಲಲ್ಲ. ಆಮೇಲೆ ಒಮ್ಮೆಲೇ ಬಿಟ್ಟುಕೊಂಡು ಗುರಿ ದಾಟಿ ಹೋಗುತ್ತೆ. ಪಿಐಡಿ ಓದಿದವರಿಗೆ ಇದು ಹೊಸದೇನಲ್ಲ, ಇಂಟಿಗ್ರಲ್ ಜೊತೆ ಸ್ಟಿಕ್ಷನ್ ಸೇರಿದ್ರೆ ಲಿಮಿಟ್ ಸೈಕಲ್. ಮೂರನೆಯದು, ಇಜಿಆರ್ ವಾಲ್ವ್ ತೆರೆದಿರೋದು ಭಾಗಶಃ ಲೋಡಿನಲ್ಲಿ. ಪೂರ್ತಿ ತುಳಿದಾಗ ಅದು ಮುಚ್ಚಿಕೊಳ್ಳುತ್ತೆ.

ಕೋಡ್ ಯಾಕೆ ಬರಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ತಪ್ಪು ಒಂದು ಮಿತಿ ದಾಟಿ, ನಿಗದಿಯಾದಷ್ಟು ಹೊತ್ತು ಹಾಗೇ ಇದ್ರೆ ಮಾತ್ರ ಇಸಿಯು ಕೋಡ್ ಬರೆಯುತ್ತೆ. ಸರ್ಜಿಂಗ್‌ನಲ್ಲಿ ಒತ್ತಡ ಗುರಿಯ ಮೇಲೂ ಕೆಳಗೂ ತೂಗಾಡ್ತಾ ಆ ಮಿತಿಯೊಳಗೇ ಉಳಿಯಬಹುದು.

ಹಾಗಾಗಿ ಪಾರ್ಟ್ ಬದಲಿಸುವ ಮೊದಲು ಟೆಸ್ಟ್. ಅಗ್ಗದ್ದು ಮೊದಲು. ಫಿಲ್ಟರ್ ಯಾವಾಗ ಬದಲಾಯಿಸಿದ್ದು, ಅದರ ತಳದಲ್ಲಿ ನೀರಿದೆಯಾ ನೋಡಿ. ಪಂಪಿಗೆ ಡೀಸೆಲ್ ಬರುವ ಕಡಿಮೆ ಒತ್ತಡದ ಲೈನಿಗೆ ಒಂದು ತುಂಡು ಪಾರದರ್ಶಕ ಪೈಪ್ ಸೇರಿಸಿದ್ರೆ ಗಾಳಿ ಎಳೀತಿದೆಯಾ ಅಂತ ಗುಳ್ಳೆಗಳೇ ಹೇಳ್ತವೆ. ರೈಲ್ ಕಡೆಯ ಪೈಪಿಗೆ ಮಾತ್ರ, ಇಂಜಿನ್ ಓಡುವಾಗ, ಯಾರೂ ಸ್ಪ್ಯಾನರ್ ಹಾಕಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ, ಸಣ್ಣ ಜೆಟ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ಆಮೇಲೆ ಸ್ಕ್ಯಾನರ್. ಆದರೆ ಕೋಡಿಗಾಗಿ ಅಲ್ಲ, ಲೈವ್ ಡೇಟಾಗಾಗಿ. ಪೆಡಲ್ ಪೊಸಿಷನ್, ಇಸಿಯು ಬಯಸಿದ ರೈಲ್ ಒತ್ತಡ, ನಿಜವಾದ ರೈಲ್ ಒತ್ತಡ, ಗಾಳಿಯ ಪ್ರಮಾಣ, ಆರ್‌ಪಿಎಂ: ಇಷ್ಟನ್ನೂ ಒಟ್ಟಿಗೆ ಗ್ರಾಫ್ ಮಾಡಿ. ಕಾಲು ಅಲುಗಾಡದಿದ್ರೂ ಪೆಡಲ್ ಸಿಗ್ನಲ್ ಕುಣೀತಿದ್ರೆ ಪೆಡಲ್ ಸೆನ್ಸರ್ ಅಥವಾ ಅದರ ವೈರಿಂಗ್. ನಿಜವಾದ ಒತ್ತಡ ಮೊದಲು ಅಲುಗಾಡಿ ಆರ್‌ಪಿಎಂ ಅದರ ಹಿಂದೆ ಹೋದ್ರೆ ಡೀಸೆಲ್ ಪೂರೈಕೆ ಅಥವಾ ಮೀಟರಿಂಗ್ ವಾಲ್ವ್. ಒತ್ತಡ ನೆಟ್ಟಗಿದ್ದು ಗಾಳಿಯ ಪ್ರಮಾಣ ಏರಿಳಿದ್ರೆ ಇಜಿಆರ್ ಕಡೆ ನೋಡಿ. ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಇಜಿಆರ್ ಆದ್ರೆ ಆ ಹೋಸ್ ಬಿಚ್ಚಿ, ಬಾಯಿ ಮುಚ್ಚಿ, ಐದು ನಿಮಿಷ ಓಡಿಸಿ ನೋಡಬಹುದು. ಟೆಸ್ಟ್ ಮುಗಿದ ಮೇಲೆ ವಾಪಸ್ ಹಾಕಿ, ಅದನ್ನೇ ರಿಪೇರಿ ಅಂದುಕೊಂಡು ಬಿಟ್ಟುಬಿಡಬೇಡಿ.

ಇಲ್ಲಿ ಒಂದು ಎಚ್ಚರ: ಆರ್‌ಪಿಎಂ ಏರಿಳಿದ್ರೆ ಬಯಸಿದ ಒತ್ತಡವೂ ಏರಿಳಿಯುತ್ತೆ, ಯಾಕಂದ್ರೆ ಇಸಿಯು ಅದನ್ನು ಲೆಕ್ಕ ಹಾಕೋದೇ ಆರ್‌ಪಿಎಂ ನೋಡಿಕೊಂಡು. ಕ್ಲೋಸ್ಡ್ ಲೂಪಿನಲ್ಲಿ ಎಲ್ಲವೂ ಒಟ್ಟಿಗೆ ಕುಣಿಯುತ್ತೆ. "ಯಾವುದು ಕುಣೀತಿದೆ" ಅನ್ನೋದಕ್ಕಿಂತ "ಯಾವುದು ಮೊದಲು ಕುಣೀತು" ಅನ್ನೋದೇ ಸರಿಯಾದ ಪ್ರಶ್ನೆ.

"ಗ್ಯಾರೇಜಿನಲ್ಲಿ ಇಷ್ಟೆಲ್ಲ ಟೈಮ್ ಎಲ್ಲಿದೆ ಗುರು?" ಅನ್ನಬಹುದು. ಫಿಲ್ಟರ್ ನೋಡಿ, ಪಾರದರ್ಶಕ ಪೈಪ್ ಹಾಕೋಕೆ ಅರ್ಧ ಗಂಟೆ ಸಾಕು. ತಪ್ಪು ಪಂಪ್ ಬಿಚ್ಚಿ ಕೂರಿಸೋಕೆ ಇಡೀ ದಿನ ಬೇಕು. "ಇವಿ ಬರ್ತಿದೆ, ಡೀಸೆಲ್ ಯಾಕೆ?" ಅನ್ನೋರಿಗೂ ಉತ್ತರ ಇದೆ. ಮೋಟರ್ ಕಂಟ್ರೋಲರ್‌ನಲ್ಲೂ ಫೀಡ್‌ಬ್ಯಾಕ್ ಲೂಪ್ ಇದೆ, ಅದೂ ಹಂಟ್ ಮಾಡುತ್ತೆ. ಕಲಿಯಬೇಕಾದ್ದು ಯೋಚಿಸುವ ಕ್ರಮ.

ನಮ್ಮ ಐಸಿ ಇಂಜಿನ್ ಲ್ಯಾಬಿನಲ್ಲಿ ಮೋರ್ಸ್ ಟೆಸ್ಟ್, ಹೀಟ್ ಬ್ಯಾಲೆನ್ಸ್ ಶೀಟ್ ಎಲ್ಲಾ ಮಾಡ್ತೀವಿ. ಎಲ್ಲವೂ ಆರೋಗ್ಯವಾಗಿರುವ ಇಂಜಿನ್ ಮೇಲೆ, ಉತ್ತರ ಹಿಂದಿನ ವರ್ಷದ ರೆಕಾರ್ಡಿನಲ್ಲೇ ಇರುತ್ತೆ. ವೈದ್ಯಕೀಯ ಕಾಲೇಜಿನವರು ಬರೀ ಆರೋಗ್ಯವಂತರನ್ನು ತೋರಿಸಿ ಡಾಕ್ಟರ್ ಮಾಡಿದ್ರೆ ಒಪ್ತೀವಾ? ನನ್ನ ಬೇಡಿಕೆ ಇಷ್ಟೇ: ಸೆಮಿಸ್ಟರಿಗೆ ಒಂದು ಲ್ಯಾಬ್ ದಿನ, ಬೇಕಂತಲೇ ಫಾಲ್ಟ್ ಹಾಕಿದ ಒಂದು ಕಾಮನ್ ರೈಲ್ ಇಂಜಿನ್. ಲ್ಯಾಬ್ ಇನ್‌ಸ್ಟ್ರಕ್ಟರ್ ಫಾಲ್ಟ್ ಹಾಕಲಿ, ನಾವು ಹುಡುಕ್ತೀವಿ. ಸಿಗಲಿಲ್ಲ ಅಂದ್ರೂ ಯಾವ ಟೆಸ್ಟಿನಿಂದ ಯಾವ ಕಾರಣ ಕೈಬಿಟ್ಟೆವು ಅನ್ನೋದಕ್ಕೆ ಮಾರ್ಕ್ಸ್ ಕೊಡಲಿ. ಹಳೇ ಇಂಜಿನ್, ಒಂದು ಸ್ಕ್ಯಾನರ್, ಒಂದು ಮೀಟರ್ ಪಾರದರ್ಶಕ ಪೈಪ್ ಸಾಕು. ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿಗೆ ಈ ಬಗ್ಗೆ ಒಂದು ಮನವಿ ಬರೆಯೋಣ. ಸಹಿ ಹಾಕೋಕೆ ಎಷ್ಟು ಜನ ಬರ್ತೀರಿ?