ರಿಟರ್ನ್ ಸಲ್ಲಿಸಿದ ಮೇಲೆ ತಪ್ಪು ಕಂಡರೆ ತಡ ಮಾಡಬೇಡಿ



2025ರ ಡಿಸೆಂಬರಿನಲ್ಲಿ ವರಮಾನ ತೆರಿಗೆ ಇಲಾಖೆಯು ಅನೇಕ ತೆರಿಗೆದಾರರ ಮೊಬೈಲಿಗೆ ಸಂದೇಶ ಕಳುಹಿಸಿತು. ರಿಟರ್ನಿನಲ್ಲಿ ಕೇಳಿರುವ ವಿನಾಯಿತಿ ಸರಿಯಾಗಿದೆಯೇ ನೋಡಿಕೊಳ್ಳಿ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂಬುದು ಅದರ ಸಾರಾಂಶ. ಅದೇ ವರ್ಷದ ಜುಲೈ 14ರಂದು, ಸುಳ್ಳು ವಿನಾಯಿತಿ ಬರೆದು ಹಣ ವಾಪಸು ಕೊಡಿಸುತ್ತಿದ್ದ ಮಧ್ಯವರ್ತಿಗಳ ವಿರುದ್ಧ ಇಲಾಖೆ 150 ಕಡೆ ತಪಾಸಣೆ ನಡೆಸಿತ್ತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ರಿಟರ್ನ್ ತಿದ್ದಿ, 1,045 ಕೋಟಿ ರೂ.ಗಳ ಸುಳ್ಳು ಬೇಡಿಕೆ ಹಿಂತೆಗೆದುಕೊಂಡರೆಂದು ಸರ್ಕಾರ ತಿಳಿಸಿತು.

'ಬೇಸಾಯಕ್ಕೆ ತೆರಿಗೆಯೇ ಇಲ್ಲ, ನಮಗೇಕೆ ಈ ಗೊಡವೆ?' ಎಂದು ನೀವು ಕೇಳಬಹುದು. ಕೃಷಿ ವರಮಾನಕ್ಕೆ ಕೇಂದ್ರದ ವರಮಾನ ತೆರಿಗೆ ಇಲ್ಲವೆಂಬುದು ನಿಜ. ಆದರೆ ಈಗ ಬರಿಯ ಬೇಸಾಯವನ್ನೇ ನಂಬಿದ ಮನೆಗಳು ಎಷ್ಟಿವೆ? ಮಗ ಶಾಲಾ ಮಾಸ್ತರ, ಸೊಸೆ ಬ್ಯಾಂಕಿನಲ್ಲಿ, ತಂದೆಯ ಹೆಸರಿನಲ್ಲಿ ಒಂದಿಷ್ಟು ಠೇವಣಿ, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಹೀಗಿರುವಾಗ ರಿಟರ್ನ್ ನಮ್ಮ ಹಳ್ಳಿಗೂ ಬಂದಿದೆ. ತಪ್ಪುಗಳೂ ಜೊತೆಯಲ್ಲೇ ಬಂದಿವೆ.

ಒಂದು ಉದಾಹರಣೆ

2025ರ ನವೆಂಬರಿನಲ್ಲಿ ಒಬ್ಬ ಪ್ರೌಢಶಾಲಾ ಶಿಕ್ಷಕರು ಮಣ್ಣು ಪರೀಕ್ಷೆಯ ಚೀಟಿ ಪಡೆಯಲು ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದಿದ್ದರು. ಸಂಬಳದ ಜೊತೆಗೆ ಅವರ ಸ್ವಂತ ಹೆಸರಿನಲ್ಲಿ ಅಡಿಕೆ ತೋಟವಿದೆ. ಖರ್ಚು ಕಳೆದು 2024-25ರಲ್ಲಿ 2 ಲಕ್ಷ ರೂ. ಉಳಿದಿತ್ತು. 'ತೆರಿಗೆ ಇಲ್ಲದ್ದನ್ನು ಬರೆಯುವುದೇಕೆ?' ಎಂದು ರಿಟರ್ನ್ ತುಂಬಿಕೊಟ್ಟವನು ಅದನ್ನು ಬಿಟ್ಟಿದ್ದ. ತಪ್ಪು ಇರುವುದು ಅಲ್ಲಿಯೇ.

ಇತರ ವರಮಾನ ತೆರಿಗೆಯ ಮಿತಿಯನ್ನು ದಾಟಿದ್ದು, ನಿವ್ವಳ ಕೃಷಿ ವರಮಾನ 5,000 ರೂ. ಮೀರಿದ್ದರೆ, ಆ ಕೃಷಿ ವರಮಾನವನ್ನು ತೆರಿಗೆಯ ದರ ಗೊತ್ತುಮಾಡುವುದಕ್ಕಾಗಿ ಲೆಕ್ಕಕ್ಕೆ ಸೇರಿಸುತ್ತಾರೆ. ಕೆ.ಎನ್. ರಾಜ್ ಸಮಿತಿಯ 1972ರ ಸಲಹೆಯಂತೆ 1973ರಲ್ಲಿ ಬಂದ ನಿಯಮವಿದು.

ಶಿಕ್ಷಕರ ಸಂಬಳದಲ್ಲಿ ತೆರಿಗೆಗೆ ಒಳಪಡುವ ಭಾಗ 8 ಲಕ್ಷ ರೂ. ಆ ಸಾಲಿನ ಹೊಸ ಪದ್ಧತಿಯಂತೆ ಇದಕ್ಕೆ ತೆರಿಗೆ 30,000 ರೂ. ಅಡಿಕೆಯ 2 ಲಕ್ಷ ಸೇರಿಸಿ 10 ಲಕ್ಷಕ್ಕೆ ಲೆಕ್ಕ ಹಾಕಿದರೆ 50,000 ರೂ. ಇದರಲ್ಲಿ, ಅಡಿಕೆಯ 2 ಲಕ್ಷ ಮತ್ತು ತೆರಿಗೆ ಇಲ್ಲದ 3 ಲಕ್ಷ ಕೂಡಿ ಆಗುವ 5 ಲಕ್ಷಕ್ಕೆ ಬೀಳುವ 10,000 ರೂ.ಗಳನ್ನು ಕಳೆಯಬೇಕು. ಉಳಿಯುವುದು 40,000 ರೂ. ಅಂದರೆ ಅವರು ಕಟ್ಟಬೇಕಾಗಿದ್ದುದು ಇನ್ನೂ 10,000 ರೂ., ಅದರ ಮೇಲೆ ಶೇಕಡ 4ರ ಸೆಸ್, ಒಟ್ಟು 10,400 ರೂ. ಮೇಲೆ ಬಡ್ಡಿ ಬೇರೆ.

ನಮೂನೆಯೂ ತಪ್ಪಾಗಿತ್ತು. ಕೃಷಿ ವರಮಾನ 5,000 ರೂ. ಮೀರಿದವರು ಐಟಿಆರ್-1 ತುಂಬುವಂತಿಲ್ಲ. ಅವರು ಐಟಿಆರ್-2 ತುಂಬಬೇಕಾಗಿತ್ತು.

ತಿದ್ದಲು ಇರುವ ದಾರಿಗಳು

ಮೊದಲನೆಯದು, ಪರಿಷ್ಕೃತ ರಿಟರ್ನ್. ಹೊಸ ರಿಟರ್ನ್ ಹಳೆಯದರ ಜಾಗಕ್ಕೆ ಬರುತ್ತದೆ. ಇದಕ್ಕೆ ದಂಡವಿಲ್ಲ, ಬಾಕಿ ತೆರಿಗೆ, ಬಡ್ಡಿ ಕಟ್ಟಿದರಾಯಿತು. ನಿಮಗೇ ಹಣ ಬರಬೇಕಾಗಿದ್ದರೂ ಕೇಳಬಹುದು. 2024-25ರ ವರಮಾನಕ್ಕೆ ಇದರ ಕಡೆಯ ದಿನ 2025ರ ಡಿಸೆಂಬರ್ 31 ಆಗಿತ್ತು. ನಮ್ಮ ಶಿಕ್ಷಕರು ಅದರೊಳಗೇ ಮುಗಿಸಿಕೊಂಡರು. 2026ರ ಫೆಬ್ರುವರಿ 1ರ ಕೇಂದ್ರ ಮುಂಗಡಪತ್ರದಲ್ಲಿ, ಶುಲ್ಕ ಕಟ್ಟಿ ಮಾರ್ಚ್ 31ರವರೆಗೂ ಪರಿಷ್ಕರಿಸಲು ಅವಕಾಶ ಕೊಡುವ ಪ್ರಸ್ತಾಪವಿತ್ತು. ನಿಮ್ಮ ಸಾಲಿನ ಕಡೆಯ ದಿನ ಯಾವುದೆಂದು ವಿಚಾರಿಸಿಕೊಳ್ಳಿ.

ಎರಡನೆಯದು, ಆ ಗಡುವು ಕಳೆದವರಿಗೆ ನವೀಕೃತ ರಿಟರ್ನ್. 2022ರಲ್ಲಿ ಬಂದ ಈ ಅವಕಾಶವನ್ನು 2025ರಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸಿದರು. ಆದರೆ ತಡವಾದಷ್ಟೂ ಹೊರೆ ಹೆಚ್ಚು. 2024-25ರ ವರಮಾನಕ್ಕೆ, 2027ರ ಮಾರ್ಚ್ 31ರೊಳಗಾದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇಕಡ 25 ಹೆಚ್ಚುವರಿ, 2028ರ ಮಾರ್ಚಿಗೆ ಶೇಕಡ 50, 2029ಕ್ಕೆ 60, 2030ಕ್ಕೆ 70. ಬಡ್ಡಿಯ ಮಾತು ಬಿಟ್ಟರೂ, ಶಿಕ್ಷಕರ 10,400 ರೂ.ಗೆ ಇದು ಮೊದಲ ವರ್ಷ 2,600 ರೂ., ಕೊನೆಯ ವರ್ಷ 7,280 ರೂ. ಆಗುತ್ತಿತ್ತು. ಕಳೆಯನ್ನು ಬೀಜ ಕಟ್ಟುವ ಮೊದಲೇ ಕೀಳಬೇಕೆಂಬುದು ನಿಮಗೆ ಹೇಳಬೇಕಾದ ಮಾತಲ್ಲ. ತೆರಿಗೆ ಕಡಿಮೆ ಮಾಡಿಕೊಳ್ಳಲು ಅಥವಾ ಹಣ ವಾಪಸು ಕೇಳಲು ಈ ದಾರಿ ಇಲ್ಲವೆಂಬುದು ನೆನಪಿರಲಿ.

ಮೂರನೆಯದು, ನಿಮ್ಮ ರಿಟರ್ನ್ ಸರಿಯಿದ್ದು ಇಲಾಖೆಯ ಲೆಕ್ಕದಲ್ಲಿ ತಪ್ಪಾಗಿದ್ದರೆ. ಬ್ಯಾಂಕು ಮುರಿದುಕೊಂಡ ತೆರಿಗೆಯನ್ನು ಜಮಾ ಹಿಡಿಯದಿರುವುದು ಇಂಥದ್ದು. ಇದಕ್ಕೆ ಹೊಸ ರಿಟರ್ನ್ ಬೇಡ, ತಿದ್ದುಪಡಿ ಅರ್ಜಿ ಸಾಕು.

ಇನ್ನು, ಬರಬೇಕಾದ ಹಣವನ್ನು ಗಡುವಿನೊಳಗೆ ಕೇಳದೆ ಉಳಿದವರು ವಿಳಂಬ ಮನ್ನಾ ಮಾಡುವಂತೆ ಐದು ವರ್ಷದೊಳಗೆ ಅರ್ಜಿ ಕೊಡಬಹುದು. ಒಪ್ಪುವುದು, ಬಿಡುವುದು ಅಧಿಕಾರಿಗಳಿಗೆ ಸೇರಿದ್ದು.

ಹಳ್ಳಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು

ಮನೆಗೆ ಬಂದ ಹಣವನ್ನೆಲ್ಲ 'ಕೃಷಿ' ಎಂದು ಬರೆಸುವುದು ದೊಡ್ಡ ತಪ್ಪು. ಡೇರಿಗೆ ಹಾಕಿದ ಹಾಲಿನ ಹಣ, ಕೋಳಿ ಸಾಕಣೆ, ಇತರರ ಹೊಲಕ್ಕೆ ಕಳುಹಿಸಿದ ಟ್ರ್ಯಾಕ್ಟರಿನ ಬಾಡಿಗೆ, ಠೇವಣಿಯ ಬಡ್ಡಿ, ಇವು ಕೃಷಿ ವರಮಾನವಲ್ಲ. ಸಸಿಮಡಿಯಲ್ಲಿ ಬೆಳೆಸಿ ಮಾರಿದ ಸಸಿಗಳ ಹಣ ಮಾತ್ರ ಕೃಷಿಗೆ ಸೇರುತ್ತದೆ.

ಕೃಷಿ ವರಮಾನ 5 ಲಕ್ಷ ರೂ. ಮೀರಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ರಿಟರ್ನಿನಲ್ಲಿ ಕೇಳುತ್ತಾರೆ. ಎರಡು ಎಕರೆ ಖುಷ್ಕಿಯಲ್ಲಿ ಹತ್ತು ಲಕ್ಷ ಬೆಳೆದೆನೆಂದು ಬರೆಸಿದರೆ ಪಹಣಿಯೇ ಎದುರು ಸಾಕ್ಷಿ ಹೇಳುತ್ತದೆ.

2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ನಮ್ಮ ಶಿಕ್ಷಕರಂಥವರಿಗೆ ತೆರಿಗೆ ಬೀಳದಿರಬಹುದು. ಆದರೂ ತೋರಿಸಬೇಕಾದದ್ದನ್ನು ತೋರಿಸಲೇಬೇಕು.

ರುಜು ನಿಮ್ಮದು, ಹೊಣೆಯೂ ನಿಮ್ಮದು

ರಿಟರ್ನ್ ತುಂಬಿಕೊಟ್ಟವನು ತನ್ನ ಪಾಲಿನ ಹಣ ಪಡೆದು ಹೋಗುತ್ತಾನೆ. ನೋಟೀಸು ಬರುವುದು ನಿಮ್ಮ ಹೆಸರಿಗೆ. ಇಲಾಖೆಯೇ ತಪ್ಪು ಹಿಡಿದರೆ, ಕಡಿಮೆ ತೋರಿಸಿದ ವರಮಾನದ ತೆರಿಗೆಯ ಮೇಲೆ ಶೇಕಡ 50 ದಂಡ. ಸುಳ್ಳು ಬರೆದು ತೋರಿಸಿದ್ದರೆ ಶೇಕಡ 200. ವಿಚಾರಣೆ ಆರಂಭವಾದ ಮೇಲೆ ನವೀಕೃತ ರಿಟರ್ನಿನ ದಾರಿಯೂ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. 'ಹೆಚ್ಚು ವಾಪಸು ಕೊಡಿಸುತ್ತೇನೆ, ಅದರಲ್ಲಿ ನನಗೆ ಪಾಲು' ಎನ್ನುವವನನ್ನು ದೂರವಿಡಿ.

ಸಲ್ಲಿಸಿದ ರಿಟರ್ನಿನ ಪ್ರತಿಯನ್ನು ಕೇಳಿ ಪಡೆಯಿರಿ. ಮಗನೋ ಮಗಳೋ ಓದಿ ಹೇಳಲಿ. ಬ್ಯಾಂಕ್ ಪಾಸ್‌ಪುಸ್ತಕ, ಮಂಡಿಯ ಪಟ್ಟಿ, ಪಹಣಿ ಎದುರಿಗಿಟ್ಟುಕೊಂಡು ತಾಳೆ ನೋಡಿ. ತಿದ್ದಿದ ರಿಟರ್ನನ್ನೂ 30 ದಿನದೊಳಗೆ ಆಧಾರ್ ಮೂಲಕ ದೃಢೀಕರಿಸಬೇಕು, ಇಲ್ಲವೇ ರುಜು ಮಾಡಿದ ಪ್ರತಿಯನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸಬೇಕು. ಇದನ್ನು ಮರೆತರೆ ತಿದ್ದಿಯೂ ತಿದ್ದದಂತೆಯೇ.

ತಪ್ಪು ಯಾರಿಗೂ ಆಗಬಹುದು. ಇಲಾಖೆ ಕೇಳುವ ಮೊದಲೇ ಒಪ್ಪಿ ತಿದ್ದಿದವರಿಗೆ ಕಾನೂನು ದಾರಿ ಬಿಟ್ಟಿದೆ. ನಿಮ್ಮ ಪ್ರತಿಯನ್ನು ಈ ವಾರವೇ ಒಮ್ಮೆ ತೆರೆದು ನೋಡಿ.