ಹಳೆಯ ಚಿತ್ರಸಂಗ್ರಹವನ್ನು ಬದಲಿಸಬೇಕೆ?

ಬೀರುವಿನಲ್ಲಿ ಕೂಡಿಟ್ಟ ಡಿವಿಡಿ ಮತ್ತು ವೀಡಿಯೊ ಕ್ಯಾಸೆಟ್ಟುಗಳನ್ನು ತ್ಯಜಿಸಿ, ಅವೇ ಚಿತ್ರಗಳನ್ನು ಬ್ಲೂ-ರೇ ತಟ್ಟೆಗಳಲ್ಲಿ ಮರಳಿ ಕೊಳ್ಳುವುದು ಯುಕ್ತವೇ ಎಂಬ ಸಂದೇಹವು ಅನೇಕ ಗೃಹಸ್ಥರಿಗೆ ಉಂಟಾಗುವುದು.

1996ರಲ್ಲಿ ಜಪಾನಿನಲ್ಲಿ ಮೊದಲು ಹೊರಟ ಡಿವಿಡಿಯ ಒಂದು ಪದರವು 4.7 ಗಿಗಾಬೈಟುಗಳನ್ನು ಹಿಡಿಯುವುದು; ಬ್ಲೂ-ರೇಯ ಪದರವು 25 ಗಿಗಾಬೈಟುಗಳನ್ನು. ಚಿತ್ರದ ಅಡ್ಡಗೆರೆಗಳು ನಮ್ಮ ದೇಶದ ಡಿವಿಡಿಯಲ್ಲಿ 576, ಬ್ಲೂ-ರೇಯಲ್ಲಿ 1080. ದೊಡ್ಡ ತೆರೆಯುಳ್ಳವರಿಗೆ ಈ ಭೇದವು ಚೆನ್ನಾಗಿ ತೋರುವುದು. ಆದರೂ ಎಲ್ಲವನ್ನೂ ಬದಲಿಸುವುದು ದುಂದುವೆಚ್ಚವೇ ಸರಿ. ಬ್ಲೂ-ರೇ ಯಂತ್ರಗಳಲ್ಲಿ ಸಾಮಾನ್ಯವಾಗಿ ಡಿವಿಡಿಯನ್ನೂ ನೋಡಬಹುದು. ಪುನಃ ಪುನಃ ನೋಡುವ ಕೆಲವು ಚಿತ್ರಗಳನ್ನು ಮಾತ್ರ ಹೊಸದಾಗಿ ಕೊಂಡರೆ ಸಾಕು.

ನಿಜವಾಗಿ ಅವಸರದ ಕಾರ್ಯವು ಬೇರೆಯೇ ಇರುವುದು. ಮನೆಯ ಮದುವೆ, ನಾಮಕರಣಗಳ ಕ್ಯಾಸೆಟ್ಟುಗಳಿಗೆ ಯಾವ ಅಂಗಡಿಯಲ್ಲಿಯೂ ಎರಡನೆಯ ಪ್ರತಿ ದೊರೆಯದು. ಅವುಗಳ ಪಟ್ಟಿಯ ಮೇಲಣ ಕಾಂತಲೇಪವು ವರ್ಷಗಳು ಕಳೆದಂತೆ ಕ್ಷೀಣಿಸುವುದು. ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿ ಕ್ಯಾಸೆಟ್ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಹಳೆಯ ಯಂತ್ರಗಳ ರಿಪೇರಿಯೂ ಕಷ್ಟವಾಗುತ್ತಿದೆ. ಆದುದರಿಂದ ಮೊದಲು ಇವುಗಳಿಗೆ ಡಿಜಿಟಲ್ ಪ್ರತಿಗಳನ್ನು ಮಾಡಿಸಿ, ಎರಡು ಕಡೆಗಳಲ್ಲಿ ಇರಿಸಿರಿ; ಮೂಲವನ್ನೂ ಎಸೆಯದಿರಿ. ಸಿನಿಮಾ ತಟ್ಟೆಯನ್ನು ಮುಂದೆ ಎಂದಾದರೂ ಕೊಳ್ಳಬಹುದು. ತೀರಿಕೊಂಡ ಅಜ್ಜಿಯ ದನಿಯನ್ನು ಕೊಳ್ಳಲಾದೀತೆ?