ಮಕ್ಕಳ ಪಂಕ್ತಿಯಲ್ಲಿ ಮೇಷ್ಟ್ರ ತಟ್ಟೆ

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಊಟದ ಗಂಟೆ ಬಾರಿಸಿದಾಗ ತರಗತಿ ಶಿಕ್ಷಕರು ಸಾಮಾನ್ಯವಾಗಿ ಬೇರೆ ಕೊಠಡಿಗೆ ಹೋಗುವುದಿಲ್ಲ. ಮಕ್ಕಳಿಗೆ ಬಡಿಸಿದ ಊಟವನ್ನೇ ಅವರ ಜೊತೆ ಕುಳಿತು ಉಣ್ಣುತ್ತಾರೆ. ತಮ್ಮ ಊಟದ ಹಣವನ್ನು ತಾವೇ ಕೊಡುತ್ತಾರೆ. ಬಿಳಿ ಏಪ್ರನ್, ಟೋಪಿ ಧರಿಸಿದ ಮಕ್ಕಳೇ ಸರದಿಯಂತೆ ಬಡಿಸುತ್ತಾರೆ. ‘ಕ್ಯೂಶೋಕು’ ಎಂಬ ಈ ಶಾಲಾ ಊಟ 1889ರಲ್ಲಿ ತ್ಸುರುಓಕಾ ಎಂಬ ಊರಿನಲ್ಲಿ ಬಡಮಕ್ಕಳಿಗಾಗಿ ಆರಂಭವಾಯಿತು. 1954ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಅಲ್ಲಿ ಊಟದ ವೇಳೆಯೂ ಶಿಕ್ಷಣದ ಒಂದು ಭಾಗ. ಹಾಗಾಗಿ ಶಿಕ್ಷಕರಿಗೆ ಅದು ಬಿಡುವಲ್ಲ, ಕೆಲಸ.

ಮಕ್ಕಳು ಉಣ್ಣುವುದಕ್ಕೆ ಕನಿಷ್ಠ 30 ನಿಮಿಷ ಮೊದಲು ಮುಖ್ಯ ಶಿಕ್ಷಕರು ಊಟದ ರುಚಿ ನೋಡಬೇಕೆಂಬ ನಿಯಮ ಅಲ್ಲಿದೆ. ಹಳಸಿದ ವಾಸನೆ, ಕಲ್ಲು, ಸರಿಯಾಗಿ ಬೇಯದಿರುವುದು ಇದರಿಂದ ಗೊತ್ತಾಗುತ್ತದೆ. ರೋಗಾಣು ಮಾತ್ರ ನಾಲಿಗೆಗೆ ಗೊತ್ತಾಗದು. 1996ರಲ್ಲಿ ಸಕಾಯಿ ನಗರದಲ್ಲಿ ಶಾಲಾ ಊಟದಿಂದ ‘ಇ. ಕೋಲಿ ಓ157’ ಎಂಬ ಬ್ಯಾಕ್ಟೀರಿಯಾ ಹರಡಿ ಸಾವಿರಾರು ಮಕ್ಕಳು ಕಾಯಿಲೆ ಬಿದ್ದರು, ಕೆಲವರು ತೀರಿಕೊಂಡರು. ಈ ಬ್ಯಾಕ್ಟೀರಿಯಾ ದೇಹ ಸೇರಿದ ಮೇಲೆ ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. ಆದ್ದರಿಂದಲೇ ಅಲ್ಲಿ ಪ್ರತಿ ಪದಾರ್ಥದ ಸುಮಾರು 50 ಗ್ರಾಂ ಮಾದರಿಯನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ ಕಾದಿಡುತ್ತಾರೆ. ಯಾರಿಗಾದರೂ ಕಾಯಿಲೆಯಾದರೆ ಕಾರಣ ಹುಡುಕಲು ಸಾಕ್ಷ್ಯವಿರುತ್ತದೆ.

ಹಾಗಾದರೆ ಶಿಕ್ಷಕರು ಜೊತೆಗೆ ಕುಳಿತು ಉಣ್ಣುವುದರ ಪ್ರಯೋಜನವೇನು? ಯಾವ ಮಗು ಏನನ್ನು ಬಿಡುತ್ತದೆ, ಯಾವ ಮಗು ಹಸಿದು ಬಂದಿದೆ, ಯಾರಿಗೆ ಯಾವ ಪದಾರ್ಥ ಒಗ್ಗದು ಎಂಬುದು ದಿನವೂ ಪಂಕ್ತಿಯಲ್ಲಿ ಕುಳಿತವರಿಗೆ ತಿಳಿಯುತ್ತದೆ. ಆದರೆ ಕುಳಿತರಷ್ಟೇ ಸಾಲದು. 2012ರ ಡಿಸೆಂಬರ್‌ನಲ್ಲಿ ಟೋಕಿಯೋ ಬಳಿಯ ಚೋಫು ನಗರದ ಶಾಲೆಯೊಂದರಲ್ಲಿ, ಹಾಲಿನ ಅಲರ್ಜಿಯಿದ್ದ ಐದನೇ ತರಗತಿಯ ಬಾಲಕಿಗೆ ಎರಡನೇ ಸಲ ಬಡಿಸಿದ ತಿನಿಸಿನಲ್ಲಿ ಚೀಸ್ ಇತ್ತು. ಆಕೆ ಬದುಕುಳಿಯಲಿಲ್ಲ. ಬಡಿಸುವ ಮುನ್ನ ಪಟ್ಟಿ ನೋಡುವ ಒಂದು ನಿಮಿಷದ ಬೆಲೆ ಎಷ್ಟೆಂದು ಈ ಘಟನೆ ತಿಳಿಸುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಟ್ಟೆ ಖಾಲಿಯಾಗುವವರೆಗೆ ಏಳಬಾರದೆಂದು ಕೂರಿಸುವ ಶಿಸ್ತನ್ನು ಜಪಾನಿನಲ್ಲೇ ಅನೇಕರು ಟೀಕಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಆ ಟೀಕೆ ಸರಿ. ಭಯದಿಂದ ನುಂಗಿದ ತರಕಾರಿ ಮಗುವಿಗೆ ತರಕಾರಿಯ ಮೇಲೆ ದ್ವೇಷವನ್ನಷ್ಟೇ ಕಲಿಸುತ್ತದೆ. ಎದುರಿಗೆ ಕುಳಿತ ಮೇಷ್ಟ್ರು ಅದನ್ನೇ ಸಂತೋಷದಿಂದ ತಿಂದರೆ ಬೇರೆ ಉಪದೇಶ ಬೇಕಿಲ್ಲ.

ಬಡಿಸುವ ಮುನ್ನ ರುಚಿ ನೋಡುವ ನಿಯಮ ನಮ್ಮ ಬಿಸಿಯೂಟದಲ್ಲೂ ಇದೆ. ಒಂದು ತುತ್ತು ತಿಂದು ಪುಸ್ತಕದಲ್ಲಿ ಸಹಿ ಹಾಕಿದರೆ ನಿಯಮ ಪಾಲಿಸಿದಂತಾಯಿತು, ಮಕ್ಕಳನ್ನು ಗಮನಿಸಿದಂತಾಗಲಿಲ್ಲ. ಶಿಕ್ಷಕ ಮಿತ್ರರೇ, ವಾರದಲ್ಲಿ ಕೆಲವು ದಿನವಾದರೂ ಪಂಕ್ತಿಯಲ್ಲಿ ಕುಳಿತು ಪೂರ್ತಿ ಊಟ ಮಾಡೋಣ. ಯಾವ ಮಗುವಿಗೆ ಏನು ಒಗ್ಗದು ಎಂಬ ಪಟ್ಟಿಯೊಂದನ್ನು ಪೋಷಕರನ್ನು ಕೇಳಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸೋಣ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.